ಓದುಗರ ಪ್ರಶ್ನೆ: ಮಾತು ಬಿಟ್ಟವರ ನಡುವೆ

ರಾಜಕೀಯದ ಕಾರಣಕ್ಕೆ ಊರಿನಲ್ಲಾಗಲಿ ಮನೆಯಲ್ಲಾಗಲಿ ಮಾತು ಬಿಟ್ಟವರಿದ್ದರೆ ನಮಗೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಜಿಲ್ಲೆಗಳವು. ಹೆಸರು ಹಾಕಬೇಡಿ ಎಂದು ಬಹುತೇಕ ಎಲ್ಲರೂ ಕೋರಿದ್ದಾರೆ. ಪರಿಸ್ಥಿತಿ ಹೇಗಿದೆ ಎಂಬುದನ್ನು ಆ ಕೋರಿಕೆಯೇ ಅರ್ಧ ಹೇಳಿಬಿಡುತ್ತದೆ. ಐದು ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಕಳೆದ ಗ್ರಾಮ ಪಂಚಾಯಿತಿ ಚುನಾವಣೆಯಿಂದೀಚೆಗೆ ಊರು ಎರಡು ಪಾರ್ಟಿಯಾಗಿದೆ. ಗಣಪತಿಯನ್ನು ಎರಡು ಕಡೆ ಕೂರಿಸುತ್ತಾರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಈ ವರ್ಷ ಊರ ಮುಂದಿನ ಕಮಾನಿಗೆ ಯಾವ ಬಾವುಟ ಕಟ್ಟಬೇಕೆಂಬ ಮಾತು ಕೈ ಮಿಲಾಯಿಸುವವರೆಗೂ ಹೋಯಿತು. ನಾನು ನಿವೃತ್ತ ಶಿಕ್ಷಕ, ಎರಡೂ ಕಡೆ ನನ್ನ ಶಿಷ್ಯರಿದ್ದಾರೆ. ಎಲ್ಲರನ್ನೂ ಒಂದೆಡೆ ಕೂರಿಸಿ ಮಾತಾಡಿಸಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ಎಲ್ಲರನ್ನೂ ಒಂದೆಡೆ ಕೂರಿಸುವ ಕೆಲಸವೊಂದನ್ನು ಮಾತ್ರ ಮೊದಲು ಮಾಡಬೇಡಿ. ಅರಳಿಕಟ್ಟೆಯಲ್ಲಿ ಊರೆಲ್ಲ ಸೇರಿದ ಸಭೆಯಲ್ಲಿ ಎದ್ದು ನಿಂತವನು ಎದುರಿಗೆ ಕೂತವನಿಗಾಗಿ ಮಾತಾಡುವುದಿಲ್ಲ, ತನ್ನ ಬೆನ್ನ ಹಿಂದೆ ನಿಂತವರಿಗಾಗಿ ಮಾತಾಡುತ್ತಾನೆ. ಸ್ವಲ್ಪ ಮೆತ್ತಗಾದರೂ ಸಂಜೆ ತನ್ನ ಕಡೆಯವರಿಂದಲೇ ಹಂಗಿಸಿಕೊಳ್ಳಬೇಕಾಗುತ್ತದೆಂಬ ಅಂಜಿಕೆ ಅವನಿಗಿರುತ್ತದೆ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಯಾರ ಪ್ರತಿಮೆ ಇರಬೇಕೆಂಬ ಜಗಳ ಹುಟ್ಟಿದಾಗ, ಸುಮಾರು ನಲವತ್ತು ಜನರನ್ನು ಕರೆದು, ಬಾಡಿಗೆಗೆ ಮೈಕು ತರಿಸಿ, ನಾನೇ ಮುಂದೆ ನಿಂತು ಸಭೆ ನಡೆಸಿದೆ. ಮೈಕು ತರಿಸಿದ್ದೇ ತಪ್ಪಾಯಿತು. ಮನೆಯಲ್ಲಿ ಮೆಲುದನಿಯಲ್ಲಿ ಮಾತಾಡುವವರೂ ಅದು ಕೈಗೆ ಬಂದ ಕೂಡಲೇ ಭಾಷಣಕಾರರಾದರು. ಆರು ತಿಂಗಳು ಕಳೆದ ಮೇಲೆ ಎರಡೂ ಕಡೆಯಿಂದ ಮೂರು ಮೂರು ಜನ ಒಬ್ಬರ ಮನೆಯ ಹಜಾರದಲ್ಲಿ ಕಾಫಿ ಕುಡಿಯುತ್ತ ಕೂತಾಗ, ಮೊದಲ ಮುಕ್ಕಾಲು ಗಂಟೆ ಬರೀ ಬೀದಿನಾಯಿಗಳ ಕಾಟದ ಮಾತಾಯಿತು. ಪ್ರತಿಮೆಯ ವಿಷಯದಲ್ಲಿ ಒಮ್ಮತ ಅಂದೂ ಮೂಡಲಿಲ್ಲ, ಇಂದಿಗೂ ಮೂಡಿಲ್ಲ. ಬೆಳಗಿನ ವಾಕಿಂಗಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ದಾರಿ ಬದಲಿಸುವುದು ಮಾತ್ರ ನಿಂತಿದೆ.

ಆದ್ದರಿಂದ ಮೊದಲು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕಂಡು ಮಾತಾಡಿ. ಪಾರ್ಟಿಯ ಮುಂದಾಳುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಜಗಳ ಮುಗಿದರೆ ಮುಂದಾಳಿಗೆ ಕೆಲಸವಿರುವುದಿಲ್ಲ. ಅವರ ಹಿಂದಿನ ಸಾಲಿನಲ್ಲಿದ್ದು, ಈ ಜಂಜಾಟ ಸಾಕಾಯಿತಪ್ಪ ಎಂದು ಮನೆಯಲ್ಲಿ ಗೊಣಗುವವರು ಎರಡೂ ಕಡೆ ಇದ್ದೇ ಇರುತ್ತಾರೆ. ಅವರು ಯಾರೆಂಬುದು ನಿಮಗೆ ಗೊತ್ತಿಲ್ಲದಿದ್ದರೂ ಅವರ ಹೆಂಡಂದಿರಿಗೆ ಗೊತ್ತಿರುತ್ತದೆ. ಹೆಣ್ಣುಮಕ್ಕಳೂ ಸೇರಿದಂತೆ ಆರೆಂಟು ಜನ ಸಾಕು. ಕೂರುವ ಜಾಗ ದೇವಸ್ಥಾನವೂ ಬೇಡ, ಯಾರದೇ ಮನೆಯೂ ಬೇಡ. ಶಾಲೆಯ ಜಗಲಿ ಆಗಬಹುದು, ನನ್ನನ್ನು ಕೇಳಿದರೆ ಹಾಲಿನ ಡೇರಿ ಇನ್ನೂ ಒಳ್ಳೆಯದು. ಎರಡು ಪಾರ್ಟಿಯಾದ ಊರಿನಲ್ಲೂ ಡೇರಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಬೆಳಿಗ್ಗೆ ಸಂಜೆ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ನಿಂತು ಹಾಲು ಅಳೆಸುತ್ತಾರೆ. ಅಲ್ಲಿ ಯಾರ ಹಾಲಿಗೂ ಪಾರ್ಟಿ ನೋಡಿ ಡಿಗ್ರಿ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಆ ಜಾಗದ ಮೇಲೆ ಒಂದು ನಂಬಿಕೆಯಿದೆ.

ಮೊದಲ ಸಭೆಯಲ್ಲಿ ಬಾವುಟದ ಮಾತೆತ್ತಬೇಡಿ. ಎರಡೂ ಕಡೆಯವರಿಗೆ ಒಂದೇ ಸಮನೆ ನಷ್ಟವಾಗುತ್ತಿರುವ ವಿಷಯವೊಂದನ್ನು ಹಿಡಿಯಿರಿ. ನಿಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಹಳ್ಳಿಯಾಗಿದ್ದರೆ ವಿಷಯ ಹುಡುಕಿಕೊಂಡು ಹೋಗಬೇಕಾದ್ದೇ ಇಲ್ಲ: ತೂಬಿನಿಂದ ನೀರು ಬರಲಿಲ್ಲವೆಂದರೆ ಎರಡೂ ಪಾರ್ಟಿಯ ಗದ್ದೆ ಒಟ್ಟಿಗೇ ಒಣಗುತ್ತದೆ. ಒಂದೇ ಒಂದು ಕಟ್ಟುಪಾಡು ಹಾಕಿ. ಒಬ್ಬರು ಹೇಳಿದ್ದಕ್ಕೆ ಉತ್ತರ ಕೊಡುವ ಮುಂಚೆ ಅವರು ಏನು ಹೇಳಿದರೆಂಬುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಹೇಳಿದವರು ‘ಹೌದು, ನಾನು ಅಂದದ್ದು ಅದೇ’ ಎಂದು ಒಪ್ಪಿದ ಮೇಲೆ ಮುಂದುವರಿಯಬೇಕು. ತರಗತಿಯಲ್ಲಿ ಮಕ್ಕಳಿಗೆ ನೀವು ಮಾಡಿಸುತ್ತಿದ್ದುದೂ ಇದನ್ನೇ ತಾನೆ? ಮೊಬೈಲುಗಳು ಹೊರಗಿರಲಿ. ಹಬ್ಬಕ್ಕೆ ಮುಂಚೆ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿಸಭೆಯಂತೆಯೇ ಇದೂ ಒಂದು ಎಂದು ಯಾರೂ ತಿಳಿಯದಂತೆ ನೋಡಿಕೊಳ್ಳಿ. ಮೆರವಣಿಗೆಯ ದಾರಿ, ಧ್ವನಿವರ್ಧಕದ ಹೊತ್ತು ಗೊತ್ತುಮಾಡಲು ಶಾಂತಿಸಭೆ ಬೇಕು. ಅಲ್ಲಿ ಜನ ಸಬ್‌ಇನ್ಸ್‌ಪೆಕ್ಟರಿಗೆ ಹಿತವಾಗುವ ಮಾತಾಡಿ ಎದ್ದು ಬರುತ್ತಾರೆ.

ಇನ್ನು ಬಾವುಟ. ನಿಮ್ಮ ತಾಲ್ಲೂಕಿನ ಶಿವಪುರದ ಸತ್ಯಾಗ್ರಹ ಸೌಧಕ್ಕೆ ನೀವು ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದದ್ದು ಬಾವುಟದ ಹಟವೇ: ಕಾಂಗ್ರೆಸ್ಸಿನ ಧ್ವಜ ಏರಿಸಕೂಡದೆಂದು ಮೈಸೂರು ಸರ್ಕಾರ, ಏರಿಸಿಯೇ ತೀರುತ್ತೇವೆಂದು ಜನ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ಆಮೇಲೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಕೂತು ಮಾತಾಡಿದಾಗ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಬಿಟ್ಟು ಮೂರನೆಯ ದಾರಿಯೂ ಇತ್ತೆಂಬುದು ಗೋಲಿಬಾರಿಗೆ ಮುಂಚೆ ಯಾರಿಗೂ ಹೊಳೆಯಲಿಲ್ಲವೋ ಅಥವಾ ಹೊಳೆದರೂ ಹೇಳುವ ಧೈರ್ಯ ಬರಲಿಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. 2024ರ ಜನವರಿಯಲ್ಲಿ ನಿಮ್ಮ ಜಿಲ್ಲೆಯ ಕೆರಗೋಡಿನಲ್ಲಿ ಹನುಮಧ್ವಜದ ಕಾರಣಕ್ಕೆ ಎದ್ದ ಧ್ವಜಸ್ತಂಭದ ವಿವಾದ ಕೆಲವೇ ದಿನಗಳಲ್ಲಿ ಇಡೀ ರಾಜ್ಯದ ವಿವಾದವಾದದ್ದನ್ನು ನೀವು ಹತ್ತಿರದಿಂದಲೇ ಕಂಡಿದ್ದೀರಿ. ಹೊರಗಿನಿಂದ ಕಾರುಗಳು ಬರತೊಡಗಿದ ಮೇಲೆ ಜಗಳ ಊರಿನ ಕೈಯಲ್ಲಿ ಉಳಿಯುವುದಿಲ್ಲ. ನಿಮ್ಮ ಕಮಾನಿನ ಜಗಳ ಇನ್ನೂ ನಿಮ್ಮ ಊರಿನದಾಗಿಯೇ ಇದೆ.

ಒಂದು ಮಾತು ಬಿಟ್ಟೆ. ಗ್ರಾಮ ಪಂಚಾಯಿತಿ ಚುನಾವಣೆಯನ್ನು ಕಾನೂನಿನ ಪ್ರಕಾರ ಪಕ್ಷಗಳ ಚಿಹ್ನೆಯಿಲ್ಲದೆ ನಡೆಸುತ್ತಾರೆ. ಊರಿಗೆ ಪಾರ್ಟಿ ಬೇಡವೆಂದು 1993ರ ಕಾಯ್ದೆ ಬರೆದವರು ಎಣಿಸಿದ್ದರೆಂಬುದನ್ನು ನಿಮ್ಮ ಶಿಷ್ಯರಿಗೆ ನೆನಪಿಸಿ, ನಗುತ್ತಾರೆ, ನಗಲಿ. ಅದೇ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ, ವಾರ್ಡ್ ಸಭೆ ನಡೆಯಬೇಕು. ನಿಮ್ಮ ಆರೆಂಟು ಜನ ಒಪ್ಪಿದ ಸಣ್ಣ ವಿಷಯವೊಂದನ್ನು ಎರಡೂ ಕಡೆಯವರು ಸೇರಿ ಅಲ್ಲಿ ಮಂಡಿಸಿದರೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ.

ಪ್ರಶ್ನೆ: ಸಂವಾದ, ಮಾತುಕತೆ ಎಂದು ನೀವು ಬರೆಯುತ್ತಲೇ ಇರುತ್ತೀರಿ. ಕಾವೇರಿಯ ವಿಷಯದಲ್ಲಿ ನೂರು ವರ್ಷ ಮಾತಾಡಿದ್ದಾಯಿತು. ಕೊನೆಗೆ ನೀರು ಹಂಚಿದ್ದು ನ್ಯಾಯಾಲಯ. ಮಾತಿನಿಂದ ಒಂದು ಕೊಡ ನೀರಾದರೂ ಬಂತೆ? (ಯುವ ರೈತರೊಬ್ಬರು, ಪಾಂಡವಪುರ ತಾಲ್ಲೂಕು)

ಉತ್ತರ: ಬರಲಿಲ್ಲ. ನಿಮ್ಮ ಲೆಕ್ಕ ಸರಿಯಾಗಿದೆ: 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ನೇಮಕವಾದ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ ಮತ್ತು ಅದರ ಹಿಂದೆಯೇ ನಡೆದ ಗಲಭೆ, 2007ರ ಅಂತಿಮ ತೀರ್ಪು, ಕೊನೆಗೆ 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿದ ಸುಪ್ರೀಂ ಕೋರ್ಟಿನ ತೀರ್ಪು. ಆದರೆ ಈ ನೂರು ವರ್ಷ ಮಾತಾಡಿದವರು ಯಾರು? ದಿವಾನರು, ಎಂಜಿನಿಯರುಗಳು, ಮುಖ್ಯಮಂತ್ರಿಗಳು, ವಕೀಲರು. ಗದ್ದೆಯಲ್ಲಿ ಕಾಲಿಟ್ಟವರು ಎರಡೂ ಕಡೆಯಿಂದ ಬಂದು ಎದುರುಬದುರು ಕೂತದ್ದು 2003ರಲ್ಲಿ.

ಅದರ ಹಿಂದಿನ ವರ್ಷ, 2002ರಲ್ಲಿ, ಮುಂಗಾರು ಕೈಕೊಟ್ಟು ಮಂಡ್ಯದಲ್ಲೂ ತಂಜಾವೂರಿನಲ್ಲೂ ರಸ್ತೆತಡೆ, ಮುಷ್ಕರಗಳೇ ನಡೆದಿದ್ದವು. ಆಗ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರು ಎರಡೂ ರಾಜ್ಯಗಳ ರೈತರನ್ನು ಕರೆಸಿ ಕೂರಿಸಿದರು. ಆ ಕೂಟಕ್ಕೆ ‘ಕಾವೇರಿ ಕುಟುಂಬ’ ಎಂಬ ಹೆಸರಾಯಿತು. ನಮ್ಮ ಕಡೆಯಿಂದ ಅದರಲ್ಲಿ ಮುಖ್ಯರಾಗಿದ್ದವರು ನಿಮ್ಮ ತಾಲ್ಲೂಕಿನವರೇ ಆದ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು. ಹೋರಾಟದಲ್ಲಿ ಹೆದ್ದಾರಿ ತಡೆಯುತ್ತಿದ್ದವರೇ ತಮಿಳುನಾಡಿನ ರೈತರ ಎದುರು ಕೂರಲು ಹೋದರೆ ಊರಿನಲ್ಲಿ ಏನೆಲ್ಲ ಮಾತು ಬಂದಿರಬಹುದೆಂದು ನೀವೇ ಊಹಿಸಿ. ಎರಡೂ ಕಡೆಯವರು ಒಬ್ಬರ ಸೀಮೆಗೆ ಇನ್ನೊಬ್ಬರು ಹೋಗಿ ಬಂದರು, ಗದ್ದೆ, ನಾಲೆಗಳನ್ನು ಕಣ್ಣಾರೆ ಕಂಡರು.

ಕಂಡದ್ದರಿಂದ ಏನಾಯಿತು ಎನ್ನಬಹುದು. ನಮ್ಮಲ್ಲಿ ‘ಅವರು ಮೂರು ಬೆಳೆ ಬೆಳೆದುಕೊಳ್ಳುತ್ತಾರೆ’ ಎಂಬ ಮಾತಿದೆ, ಅವರಲ್ಲಿ ‘ಇವರು ಕಟ್ಟೆಯಲ್ಲಿ ನೀರು ಬಚ್ಚಿಟ್ಟಿದ್ದಾರೆ’ ಎಂಬ ಮಾತಿದೆ. ಈ ಎರಡು ಮಾತುಗಳ ಹಿಂದಿರುವುದು ಎರಡು ಪಂಚಾಂಗಗಳ ಜಗಳ. ಮೆಟ್ಟೂರಿನ ಕಟ್ಟೆಯನ್ನು ಜೂನ್ 12ಕ್ಕೆ ತೆರೆಯುವುದು ಅಲ್ಲಿನ ವಾಡಿಕೆ, ಏಕೆಂದರೆ ಕುರುವೈ ಎಂಬ ಅವರ ಅಲ್ಪಾವಧಿಯ ಭತ್ತದ ಬೆಳೆ ಆಗ ಶುರುವಾಗಬೇಕು. ಕೊಡಗಿನಲ್ಲಿ ಮಳೆ ಹಿಡಿದು ಕನ್ನಂಬಾಡಿ ಕಟ್ಟೆ ಏರತೊಡಗುವುದೂ ಆ ಹೊತ್ತಿಗೇ, ನಮ್ಮ ನಾಟಿಗೆ ನೀರು ಬೇಕಾಗುವುದೂ ಅದರ ಬೆನ್ನಿಗೇ. ಅಕ್ಟೋಬರ್‌ನಿಂದಾಚೆಗೆ ಅವರಿಗೆ ಹಿಂಗಾರಿನ ಆಸರೆಯಿದೆ, ಚಂಡಮಾರುತ ಬಂದರೆ ಬೆಳೆ ಮುಳುಗುವ ಭಯವೂ ಇದೆ. 124.80 ಅಡಿಯ ನಮ್ಮ ಕಟ್ಟೆಯ ಸಾಮರ್ಥ್ಯ 49.45 ಟಿಎಂಸಿ, ಮೆಟ್ಟೂರಿನದು 93.47. ಒಳ್ಳೆಯ ಮಳೆಯ ವರ್ಷ ಯಾರಿಗೂ ಯಾರ ನೆನಪೂ ಬರುವುದಿಲ್ಲ. ಜೂನ್, ಜುಲೈ ಕೈಕೊಟ್ಟ ವರ್ಷ ಮಾತ್ರ ಎರಡೂ ಕಡೆಯವರು ಒಂದೇ ನೀರಿಗೆ ಒಂದೇ ವಾರ ಕೈಚಾಚುತ್ತಾರೆ. ಸಂಕಷ್ಟದ ವರ್ಷದಲ್ಲಿ ಹಂಚಿಕೊಳ್ಳುವುದು ಹೇಗೆಂಬುದೇ ನಿಜವಾದ ಪ್ರಶ್ನೆಯೆಂದು ವಕೀಲರ ಕಡತಗಳಿಂದ ತಿಳಿಯುವುದಕ್ಕೂ, ಬಿರುಕುಬಿಟ್ಟ ಗದ್ದೆಯ ಬದುವಿನ ಮೇಲೆ ನಿಂತು ತಿಳಿಯುವುದಕ್ಕೂ ವ್ಯತ್ಯಾಸವಿದೆ.

ಕುಟುಂಬ ಹಲವು ಸುತ್ತು ಸೇರಿತು. ಸಂಕಷ್ಟದ ವರ್ಷಕ್ಕೆ ಎರಡೂ ಸರ್ಕಾರಗಳು ಒಪ್ಪುವಂಥ ಸೂತ್ರವೊಂದು ಅದರಿಂದ ಹೊರಬರಲಿಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದದ್ದನ್ನು ತಡೆಯಲೂ ಅದಕ್ಕಾಗಲಿಲ್ಲ. ಪುಟ್ಟಣ್ಣಯ್ಯನವರು ತೀರಿಕೊಂಡದ್ದು 2018ರ ಫೆಬ್ರವರಿ 18ರಂದು, ಅಂತಿಮ ತೀರ್ಪು ಬಂದ ಎರಡೇ ದಿನಕ್ಕೆ. ನನ್ನ ತಿಳಿವಳಿಕೆಯಲ್ಲಿ ಆ ಪ್ರಯತ್ನದ ಕೊರತೆ ಮಾತಿನಲ್ಲಿರಲಿಲ್ಲ. ಆಡಿದ ಮಾತನ್ನು ಕೇಳಿಸಿಕೊಂಡು ‘ಇಷ್ಟನ್ನು ಮಾಡುತ್ತೇವೆ, ಇಷ್ಟನ್ನು ಮಾಡುವುದಿಲ್ಲ’ ಎಂದು ಉತ್ತರ ಹೇಳಬೇಕಾದವರು ಯಾರೂ ಆ ಕೋಣೆಯ ಆಚೆ ಕಾದು ನಿಂತಿರಲಿಲ್ಲ. ಅಧಿಕಾರವಿಲ್ಲದ ಸಭೆಗೆ ಬೆಲೆಯೇ ಇಲ್ಲವೆಂದೂ ಹೇಳಲಾಗದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದ 144 ಜನರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬಂದವರೂ ಜಮೀನುದಾರರು, ವರ್ತಕರೇ ಹೊರತು ಬಡವರಲ್ಲ. ಆದರೂ ವರ್ಷ ವರ್ಷವೂ ದಸರೆಯ ಹೊತ್ತಿಗೆ ದಿವಾನರು ಅವರ ಎದುರು ನಿಂತು ಲೆಕ್ಕ ಹೇಳಬೇಕಿತ್ತು. ಆ ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು 1923ರಲ್ಲಿ, 42 ವರ್ಷಗಳಾದ ಮೇಲೆ. ಕಾವೇರಿ ಕುಟುಂಬಕ್ಕೆ ಉತ್ತರ ಹೇಳುವ ದಿವಾನರು ಇರಲಿಲ್ಲ, ಅಷ್ಟು ತಾಳ್ಮೆಯ ಕಾಲವೂ ಅದಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಎರಡು ಪಕ್ಷಗಳ ಬೆಂಬಲಿಗರನ್ನು ಕೂರಿಸಿ ಮಾತಾಡಿಸುವ ಸಂಘಟನೆಗಳಿವೆ ಎಂದು ಓದಿದೆ. ಆ ಕ್ರಮವನ್ನು ನಮ್ಮ ಕಾಲೇಜಿನಲ್ಲಿ ಮಾಡಬಹುದೆ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ನೀವು ಓದಿದ್ದು ಬಹುಶಃ ‘ಬ್ರೇವರ್ ಏಂಜೆಲ್ಸ್’ ಬಗ್ಗೆ. 2016ರ ಅಧ್ಯಕ್ಷೀಯ ಚುನಾವಣೆ ಮುಗಿದ ಮರುತಿಂಗಳು ಒಹಾಯೊ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಿನಲ್ಲಿ ಟ್ರಂಪ್ ಅವರಿಗೆ ಮತ ಹಾಕಿದ 10 ಮಂದಿ ಮತ್ತು ಹಿಲರಿ ಕ್ಲಿಂಟನ್ ಅವರಿಗೆ ಮತ ಹಾಕಿದ 11 ಮಂದಿ ಒಟ್ಟಿಗೆ ಕೂತದ್ದರಿಂದ ಅದು ಶುರುವಾಯಿತು. ಕ್ರಮವನ್ನು ರೂಪಿಸಿದ ಬಿಲ್ ಡೋಹರ್ಟಿ ಅವರ ವೃತ್ತಿ ಮುರಿಯುತ್ತಿರುವ ಸಂಸಾರಗಳಿಗೆ ಆಪ್ತಸಲಹೆ ಕೊಡುವುದು. ಅದರ ಛಾಯೆ ಕ್ರಮದಲ್ಲೂ ಕಾಣುತ್ತದೆ. ಒಂದು ಕಡೆಯವರು ಒಳವೃತ್ತದಲ್ಲಿ ಕೂತು, ತಮ್ಮ ಪಕ್ಷದ ನಿಲುವುಗಳು ದೇಶಕ್ಕೆ ಏಕೆ ಒಳ್ಳೆಯದು, ತಮ್ಮ ಪಕ್ಷದ ಬಗ್ಗೆ ತಮಗೇ ಇರುವ ಅಳುಕುಗಳೇನು ಎಂದು ಮಾತಾಡಿಕೊಳ್ಳುತ್ತಾರೆ. ಇನ್ನೊಂದು ಕಡೆಯವರು ಹೊರವೃತ್ತದಲ್ಲಿ ಸುಮ್ಮನೆ ಕೇಳುತ್ತಾರೆ. ಆಮೇಲೆ ಜಾಗ ಅದಲುಬದಲಾಗುತ್ತದೆ. ಇನ್ನೊಂದು ಅಭ್ಯಾಸದಲ್ಲಿ, ಎದುರಿನವರು ತಮ್ಮನ್ನು ಏನೆಂದು ಅಂದುಕೊಂಡಿದ್ದಾರೆಂಬುದನ್ನು ತಾವೇ ಪಟ್ಟಿಮಾಡಿ, ಅದರಲ್ಲಿ ಎಷ್ಟು ಸುಳ್ಳು, ಎಷ್ಟು ನಿಜ ಎಂದು ತಾವೇ ಹೇಳಬೇಕು.

ಕಾಲೇಜಿನಲ್ಲಿ ಮಾಡಬಹುದು, ಮಾಡಿ. ಆದರೆ ನಮ್ಮಲ್ಲಿ ಎರಡು ಬಣ್ಣಗಳಾಗಿ ಜನರನ್ನು ವಿಂಗಡಿಸುವುದು ಅಷ್ಟು ಸುಲಭವಲ್ಲ. ಮಂಡ್ಯ, ಮೈಸೂರಿನ ಮತದಾರ ವಿಧಾನಸಭೆಗೆ ಒಂದು ಪಕ್ಷಕ್ಕೂ ಲೋಕಸಭೆಗೆ ಇನ್ನೊಂದಕ್ಕೂ ಹಾಕಿ ಆರಾಮಾಗಿರುತ್ತಾನೆ; ಅವನು ಮುಖ ತಿರುಗಿಸುವುದು ಬೇರೆ ಕಾರಣಗಳಿಗೆ, ಜಾತಿಗೆ, ಧರ್ಮಕ್ಕೆ, ಹಾಸ್ಟೆಲಿನ ಊಟದ ತಟ್ಟೆಗೆ. ವೃತ್ತಗಳನ್ನು ಪಕ್ಷದ ಮೇಲೆ ಮಾಡಿದರೆ ಈ ಮಾತುಗಳು ಒಂದೂ ಹೊರಬರುವುದಿಲ್ಲ. ಅನುಭವ ಮಂಟಪದ ಹೆಸರು ಹೇಳಿ ಇಂಥ ಉತ್ತರ ಮುಗಿಸುವ ರೂಢಿಯಿದೆ, ನಾನು ಬೇಕೆಂದೇ ಹೇಳುತ್ತಿಲ್ಲ. ಆ ಹೆಸರಿನ ಭಾಷಣ ಮುಗಿದ ಸಭಾಂಗಣದಲ್ಲೇ ಊಟದ ಪಂಕ್ತಿ ಬೇರೆಯಾದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಊರಿನಲ್ಲಿ ಸೌಹಾರ್ದ ಸಭೆ ಎಂದರೆ ದಲಿತ ಕೇರಿಯವರಾದ ನಾವು ಬಾಯಿ ಮುಚ್ಚಿಕೊಳ್ಳಬೇಕು ಎಂದರ್ಥ. ದೂರು ವಾಪಸು ತೆಗೆದುಕೊಳ್ಳಿ, ಊರು ಒಂದಾಗಿರಲಿ ಎನ್ನುತ್ತಾರೆ. ಇಂಥ ಸಂವಾದಕ್ಕೆ ನಾವು ಯಾಕೆ ಹೋಗಬೇಕು? (ಓದುಗರು, ನಂಜನಗೂಡು ತಾಲ್ಲೂಕು)

ಉತ್ತರ: ಹೋಗಬೇಡಿ. ದೂರು ವಾಪಸು ಪಡೆಯಲು ಕರೆಯುವ ಸಭೆಗೆ ರಾಜಿ ಪಂಚಾಯಿತಿ ಎಂಬ ಹಳೆಯ ಹೆಸರಿದೆ, ಅದಕ್ಕೆ ಸೌಹಾರ್ದದ ಶಾಲು ಹೊದಿಸಿದರೆ ಅದು ಸಂವಾದವಾಗುವುದಿಲ್ಲ. ಅಪರಾಧ ನಡೆದಿದ್ದರೆ ಅದನ್ನು ನೋಡಿಕೊಳ್ಳಬೇಕಾದದ್ದು ಕಾನೂನು. ದಲಿತರಿಗೆ ಅಂಗಡಿಯಲ್ಲಿ ಸಾಮಾನು ಕೊಡದಂತೆ, ಕೂಲಿಗೆ ಕರೆಯದಂತೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಬೆದರಿಸುವುದು ಎರಡೂ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಂತೆ ಶಿಕ್ಷೆಗೆ ಗುರಿಯಾಗುವ ಅಪರಾಧಗಳು.

ಬೇರೆ ಬೇರೆ ಗುಂಪಿನವರು ಹತ್ತಿರ ಬಂದರೆ ಪೂರ್ವಗ್ರಹ ಕರಗುತ್ತದೆಯೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಕೊಟ್ಟ ಉತ್ತರವನ್ನು ಸೌಹಾರ್ದದ ಹೆಸರಿನಲ್ಲಿ ಸಭೆ ಕರೆಯುವವರೆಲ್ಲ ಓದಬೇಕು. ಸುಮ್ಮನೆ ಹತ್ತಿರ ಬಂದರೆ ಸಾಲದು, ಅಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಬೇಕಾದ ಗುರಿಯೊಂದಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಅಧಿಕಾರದಲ್ಲಿರುವವರ ಬೆಂಬಲವೂ ಇರಬೇಕು ಎಂದರು ಅವರು. ನಮ್ಮ ಹಳ್ಳಿಗಳಲ್ಲಿ ಕೇರಿಯವರೂ ಊರವರೂ ತಲೆತಲಾಂತರದಿಂದ ಹತ್ತಿರದಲ್ಲೇ ಇದ್ದಾರೆ, ಒಂದೇ ಗದ್ದೆಯಲ್ಲಿ ಬೆವರು ಸುರಿಸಿದ್ದಾರೆ. ಒಬ್ಬರು ಕುರ್ಚಿಯಲ್ಲೂ ಇನ್ನೊಬ್ಬರು ಬಾಗಿಲಾಚೆ ನೆಲದಲ್ಲೂ ಕೂತು ಎಷ್ಟು ಹತ್ತಿರವಿದ್ದರೇನು?

ನಿಮ್ಮ ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವೆ ಇದ್ದ ದಾರಿ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಹೊರಗಿನಿಂದ ದೊಡ್ಡ ಯಾತ್ರೆಯೊಂದು ಊರಿಗೆ ಬಂದ ದಿನ. ಅಂದು ಎರಡೂ ಕಡೆಯವರು ಕೂತು ಉಂಡದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಗೆಯೇ ಒಂದು ಬೀದಿಯಷ್ಟು ದಾರಿಗೆ 29 ವರ್ಷ ಹಿಡಿಯಿತೆಂಬುದನ್ನೂ ಮರೆಯಲಾರೆ. ಅಂಥ ಸಭೆಗೆ ನಿಮ್ಮನ್ನು ಇನ್ನೊಮ್ಮೆ ಕರೆದರೆ ಮೂರು ಪ್ರಶ್ನೆ ಕೇಳಿ: ಸಭೆ ನಮ್ಮ ಕೇರಿಯಲ್ಲಿ ನಡೆಯುತ್ತದೆಯೆ, ಮೊದಲ ಮಾತು ನಮ್ಮದೆ, ದೂರು ಹಾಗೆಯೇ ಇರುತ್ತದೆಯೆ? ಮೂರಕ್ಕೂ ಹೌದು ಎಂದವರ ಜೊತೆ ಕೂರಬಹುದು.

ಪ್ರಶ್ನೆ: ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪನಿಗೂ ನನ್ನ ತಮ್ಮನಿಗೂ ಟಿಪ್ಪು ಸುಲ್ತಾನ್ ವಿಷಯಕ್ಕೆ ಜಗಳವಾಗಿ, ದೊಡ್ಡಪ್ಪ ಗುಂಪು ಬಿಟ್ಟಿದ್ದಾರೆ. ಯುಗಾದಿಗೂ ಬರಲಿಲ್ಲ. ಏನು ಮಾಡಲಿ? (ಗೃಹಿಣಿ, ಮೈಸೂರು)

ಉತ್ತರ: ಅಮ್ಮಾ, 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಗಿದ ಯುದ್ಧವನ್ನು ನಿಮ್ಮ ಮನೆಯ ಗುಂಪಿನಲ್ಲಿ ಯಾರೂ ಗೆಲ್ಲಲಾರರು. ದೊಡ್ಡಪ್ಪನವರನ್ನು ಮತ್ತೆ ಗುಂಪಿಗೆ ಸೇರಿಸಬೇಡಿ, ಅವರ ಮನೆಗೇ ಹೋಗಿ. ಟಿಪ್ಪುವಿನ ಮಾತು ಅವರಾಗಿಯೇ ಎತ್ತಿದರೆ, ಆ ವಿಷಯದಲ್ಲಿ ಅವರಿಗೆ ಅಷ್ಟು ನೋವಾದದ್ದು ಯಾಕೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ಎಷ್ಟೋ ಸಲ ನೋವು ಸುಲ್ತಾನನ ವಿಷಯಕ್ಕಾಗಿರುವುದಿಲ್ಲ, ಎತ್ತಿ ಆಡಿಸಿದ ಹುಡುಗ ಎಲ್ಲರ ಕಣ್ಣೆದುರು ‘ನಿಮಗೇನು ಗೊತ್ತು’ ಎಂದದ್ದಕ್ಕಾಗಿರುತ್ತದೆ. ಮೊದಲ ಸಲ ಹೋಗುವಾಗ ತಮ್ಮನನ್ನು ಕರೆದುಕೊಂಡು ಹೋಗಬೇಡಿ. ಎರಡನೆಯ ಸಲ ಅವನೇ ಗಾಡಿ ಓಡಿಸಿಕೊಂಡು ಬರಲಿ.